ಲೇಕ್ ಹ್ಯಾರಿಯೆಟ್ ಸುತ್ತ ಮಂಕಿ ಕ್ಯಾಪ್ ಹಾಕಿಕೊಂಡು

ದಾವಣಗೆರೆಯಲ್ಲಿ ಡಿಸೆಂಬರ್ ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಓಡುತ್ತಿದ್ದೆ. ಅಷ್ಟಕ್ಕೇ ಚಳಿ ಅಂದರೆ ಏನು ಅಂತ ಗೊತ್ತು ಅಂದುಕೊಂಡಿದ್ದೆ. ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದ ಮೊದಲ ಜನವರಿಯಲ್ಲೂ ಅದೇ ಧೈರ್ಯದಲ್ಲಿ ಹೊರಟೆ. ಒಳಗೆ ಬನಿಯನ್, ಮೇಲೆ ಕಾಟನ್ ಟೀ ಶರ್ಟ್, ಅದರ ಮೇಲೆ ದಪ್ಪನೆಯ ಜಾಕೆಟ್.

ಇಲ್ಲಿನ ಕೆರೆ ಲೇಕ್ ಹ್ಯಾರಿಯೆಟ್ ಒಂದು ಸುತ್ತು ಸುಮಾರು ನಾಲ್ಕೂವರೆ ಕಿಲೋಮೀಟರ್. ಅರ್ಧ ದಾರಿಗೇ ಬೆವರಿ ತೊಯ್ದುಹೋದೆ. ಹೆಪ್ಪುಗಟ್ಟಿದ ಕೆರೆಯ ಮೇಲೆ ಯಾರೋ ಕೂತು ಮೀನು ಹಿಡಿಯುತ್ತಿದ್ದರು. ಇದನ್ನು ಊರಿಗೆ ಕಳಿಸಲೇಬೇಕು ಅಂತ ನಿಂತೆ, ಗ್ಲೌಸ್ ತೆಗೆದು ಫೋಟೊ ಹೊಡೆದೆ. ಐದೇ ನಿಮಿಷ. ಒದ್ದೆ ಬನಿಯನ್ ಬೆನ್ನಿಗೆ ಐಸ್ ಇಟ್ಟ ಹಾಗಾಯಿತು. ಹಲ್ಲು ಕಟಕಟ. ಬೆರಳ ತುದಿಗಳು ಬಿಳಿಚಿಕೊಂಡು, ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ.

ಮನೆಗೆ ಬಂದು ಕೈ ಉಜ್ಜತೊಡಗಿದೆ. ಇಲ್ಲೇ ಹುಟ್ಟಿ ಬೆಳೆದ ರೂಮ್‌ಮೇಟ್ ಕೈ ಹಿಡಿದು ನಿಲ್ಲಿಸಿದ. ಉಜ್ಜಿದರೆ ಚರ್ಮಕ್ಕೆ ಇನ್ನೂ ಪೆಟ್ಟು ಬೀಳುತ್ತದಂತೆ. ಕಂಕುಳಲ್ಲಿಟ್ಟುಕೊಂಡೆ, ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದೆ. ಬಿಸಿನೀರು ಬೇಡವೇ ಬೇಡ, ಮರಗಟ್ಟಿದ ಕೈಗೆ ಸುಟ್ಟರೂ ತಿಳಿಯುವುದಿಲ್ಲ. ರಕ್ತ ಮರಳುವಾಗ ಆದ ಉರಿ ಇದೆಯಲ್ಲ, ಖಾರದ ಮೆಣಸಿನಕಾಯಿ ಹೆಚ್ಚಿದ ಕೈ ಅದರ ಮುಂದೆ ಏನೂ ಅಲ್ಲ. ಬಣ್ಣ ಬಂತು, ಬಚಾವಾದೆ. ಬರದಿದ್ದರೆ, ಗುಳ್ಳೆ ಎದ್ದರೆ ಸೀದಾ ಆಸ್ಪತ್ರೆಗೇ ಹೋಗಬೇಕು.

ಅವತ್ತು ನನಗೆ ಕೈ ಕೊಟ್ಟಿದ್ದು ಚಳಿಗಿಂತ ಜಾಸ್ತಿ ನನ್ನದೇ ಬೆವರು. ಕಾಟನ್ ಬೆವರು ಕುಡಿದು ಒದ್ದೆಯಾಗಿಯೇ ಇರುತ್ತದೆ. ಈಗ ಮೈಗೆ ಅಂಟುವಂತೆ ತೆಳ್ಳಗಿನ ಮೆರಿನೊ (ಒಂದು ಜಾತಿಯ ಕುರಿ) ಉಣ್ಣೆ, ಮೇಲೆ ಫ್ಲೀಸ್ ಅನ್ನೋ ಮೆತ್ತನೆಯ ಬೆಚ್ಚನೆ ಬಟ್ಟೆ, ಹೊರಗೆ ಗಾಳಿ ತಡೆಯುವ ತೆಳು ಜಾಕೆಟ್. ಬಾಗಿಲು ದಾಟಿದಾಗ ಸ್ವಲ್ಪ ನಡುಗಬೇಕು. ಅಲ್ಲೇ ಬೆಚ್ಚಗಿದ್ದರೆ ಒಂದು ಪದರ ಜಾಸ್ತಿ ಆಗಿದೆ ಅಂತ ವಾಪಸ್ ಹೋಗಿ ತೆಗೆದಿಟ್ಟು ಬರುತ್ತೇನೆ. ಹೊರಡುವಾಗ ಗಾಳಿಗೆ ಎದುರಾಗಿ ಓಡುತ್ತೇನೆ. ಬೆವರಿದ ಮೇಲೆ, ಮರಳುವಾಗ, ಗಾಳಿ ಬೆನ್ನಿಗಿರಬೇಕು. ಕೆರೆ ಸುತ್ತಿದರೆ ಇದು ಆಗುವುದಿಲ್ಲ. ಗಾಳಿ ಜೋರಿದ್ದ ದಿನ ಸುಮ್ನೆ ನೇರ ರಸ್ತೆಯಲ್ಲಿ ಹೋಗಿ ಬರುವುದೇ ಮೇಲು.

ಕಿವಿಗೆ? ಅಮ್ಮ ಕಳಿಸಿದ ಮಂಕಿ ಕ್ಯಾಪ್. ಮೂರು ವರ್ಷ ಸೂಟ್‌ಕೇಸಲ್ಲೇ ಬಿದ್ದಿತ್ತು, ನಾಚಿಕೆ! ಇಲ್ಲಿ ಅದನ್ನೇ ಬಾಲಕ್ಲಾವಾ ಅಂತ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಬಾಯಿಯ ಮೇಲೆ ಎಳೆದುಕೊಂಡರೆ ಉಸಿರೂ ಬೆಚ್ಚಗಾಗುತ್ತದೆ, ನನ್ನ ಕೆಮ್ಮು ಎಷ್ಟೋ ಕಡಿಮೆಯಾಗಿದೆ. ಆಸ್ತಮಾ ಅಥವಾ ಹೃದಯದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಹೊರಡಿ.

ಹಿಮಕ್ಕಿಂತ ನನಗೆ ಭಯ ರಸ್ತೆಯ ಮೇಲಿನ ತೆಳು ಐಸ್. ಒದ್ದೆ ರಸ್ತೆ ಥರ ಕಾಣುತ್ತದೆ, ಕಾಲಿಟ್ಟರೆ ಜರ್ರನೆ. ಶೂಗೆ ಹಾಕುವ ಮುಳ್ಳಿನ ಪಟ್ಟಿ ಕೊಂಡಿದ್ದೇನೆ.

ಉಷ್ಣಾಂಶದ ಜೊತೆ ಗಾಳಿಯನ್ನೂ ನೋಡಬೇಕು. ಮೈನಸ್ 18 ಡಿಗ್ರಿಯಲ್ಲಿ ಗಂಟೆಗೆ 24 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 28. ಮುಚ್ಚದ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು. ನನ್ನ ಗಡಿ ಅದೇ. ಅಂಥ ದಿನ ಡೌನ್‌ಟೌನ್‌ಗೆ ಹೋಗಿ, ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಸೇತುವೆ ಹಾಕಿರುವ ಸ್ಕೈವೇಯಲ್ಲಿ ಬಿರುಸಾಗಿ ನಡೆಯುತ್ತೇನೆ. ಒಮ್ಮೆ ಅಲ್ಲೂ ಓಡಿ ನೋಡಿದೆ. ಆಫೀಸಿಗೆ ಹೋಗುತ್ತಿದ್ದವರೆಲ್ಲ ಏನನ್ನೋ ಕದ್ದು ಓಡುತ್ತಿದ್ದಾನೆ ಅನ್ನೋ ಥರ ನೋಡಿದರು.