ಮಳೆಗಾಲದ ಮರಿಗೆ ಹೊರಗೆ ಹೋಗಲು ಕಲಿಸಿದ ನನ್ನ ಅನುಭವ

ಜೂನ್‌ನಲ್ಲಿ ನಾಯಿಮರಿ ತರುತ್ತೇನೆ ಅಂದಾಗ ಬ್ರಹ್ಮಾವರದ ನಮ್ಮ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ನಾಯಿ ಸಾಕಿ ಪಳಗಿದ ಭಾವನೇ "ಮಳೆ ಮುಗಿಯಲಿ ಮಾರಾಯ, ಈಗ ತಂದ್ರೆ ಚಾವಡಿಯಲ್ಲೇ ಎಲ್ಲ ಮಾಡ್ತದೆ" ಅಂದರು. ಆ ಮರಿ ಚುಕ್ಕಿಗೆ ಈಗ ಏಳು ತಿಂಗಳು. ಉಚ್ಚೆ, ಕಕ್ಕ ಎಲ್ಲ ಹೊರಗೇ, ಮನೆಯೊಳಗೆ ಒಂದು ಹನಿ ಇಲ್ಲ. ಮೊನ್ನೆ ಭಾವ ತಮ್ಮ ಹೊಸ ಮರಿಗೆ ಹೇಗೆ ಕಲಿಸುವುದು ಅಂತ ನನಗೇ ಫೋನ್ ಮಾಡಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಚುಕ್ಕಿ ಊರ ನಾಯಿಯ ಹೆಣ್ಣುಮರಿ. ತಂದಾಗ ಎರಡು ತಿಂಗಳು. ಅದೇ ವಾರ ಮಳೆ ಹಿಡಿಯಿತು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಸುರಿಯುವ ಊರು, ಅದರಲ್ಲಿ ಬಹುಪಾಲು ಈ ಮೂರು ತಿಂಗಳಲ್ಲೇ. ಅಂಗಳಕ್ಕೆ ಬಿಟ್ಟರೆ ಒದ್ದೆಯಾಗಿ ನಡುಗುತ್ತಾ ವಾಪಸ್ ಓಡಿ ಬಂದು ಸೋಫಾ ಹಿಂದೆ ಮಾಡುತ್ತಿತ್ತು.

ಅಂಗಡಿಯವರು ಉಚ್ಚೆ ಹೀರಿಕೊಳ್ಳುವ ಪ್ಯಾಡ್ ನೆಲಕ್ಕೆ ಹಾಕಿ ಅಂದರು. ಒಂದು ತಿಂಗಳಿಗೆ ಹೆಚ್ಚುಕಮ್ಮಿ ಎರಡು ಸಾವಿರ ಅದಕ್ಕೇ ಹೋಯಿತು. ಪ್ಯಾಡ್‌ಗೆ ಒಗ್ಗಿದ ಮರಿಗೆ ಕಾಲೊರೆಸುವ ಚಾಪೆ, ಹಾಸಿಗೆ, ಮೆತ್ತಗಿದ್ದದ್ದೆಲ್ಲ ಒಂದೇ. 'ಇಲ್ಲೇ ಮಾಡು' ಅನ್ನುವ ಸ್ಪ್ರೇಗೆ ಇನ್ನೊಂದು ನಾನೂರು ಹೋಯಿತು, ಮರಿ ಮೂಸಿಯೂ ನೋಡಲಿಲ್ಲ. ಮನೆಗೆ ಬಂದು ಕಲಿಸುವ ಒಬ್ಬರು ತಿಂಗಳಿಗೆ ಎಂಟು ಸಾವಿರ ಕೇಳಿದರು. ಮಾಡಿದ ಜಾಗಕ್ಕೆ ಮೂಗು ಒತ್ತಿ ಗದರಿಸಬೇಕು ಅಂದರು. ಕೊಟ್ಟ ಅಡ್ವಾನ್ಸ್ ಹೋದರೆ ಹೋಗಲಿ ಅಂತ ಬೇಡ ಅಂದೆ. ಹಾಗೆ ಹೆದರಿಸಿದ ಮರಿ ನಮ್ಮ ಕಣ್ಣು ತಪ್ಪಿಸಿ ಮಾಡಲು ಕಲಿಯುತ್ತದೆ, ಅಷ್ಟೇ.

ಕೊನೆಗೆ ಹಿಂದಿನ ಬಾಗಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿ ಸಣ್ಣ ಮಾಡು (ಚಪ್ಪರ) ಕಟ್ಟಿದೆ. ಅಡಿಕೆ ಮರದ ನಾಲ್ಕು ಕಂಬ, ಮನೆಯಲ್ಲೇ ಇದ್ದ ತಗಡಿನ ಶೀಟು. ಸುತ್ತ ಮುರಕಲ್ಲು ಇಟ್ಟು ನಡುವೆ ಹೊಯ್ಗೆ (ಮರಳು) ತುಂಬಿದೆ. ಅದು ಆರಲೇ ಇಲ್ಲ, ವಾಸನೆ ಬಂತು. ಮರದ ಹುಡಿ ಹಾಕಿದರೆ ಸೀನು. ತೆಂಗಿನ ನಾರಿನ ಹುಡಿ ಸರಿಯಾಯಿತು, ಒಂದು ಗೇಣು ದಪ್ಪ. ನೀರು ಎಳೆದುಕೊಳ್ಳುತ್ತದೆ, ವಾಸನೆಯೂ ಕಡಿಮೆ. ಎಲ್ಲ ಸೇರಿ ಒಂದೂವರೆ ಸಾವಿರದೊಳಗೆ ಮುಗಿಯಿತು.

ಆದರೂ ಜೋರು ಮಳೆಗೆ ಮರಿ ಅಲ್ಲಿ ನಿಲ್ಲುತ್ತಿರಲಿಲ್ಲ. ಎಲ್ಲರೂ ಅದಕ್ಕೆ ನೀರಿನ ಹೆದರಿಕೆ ಅಂದರು. ನಾನು ಒಂದು ಸಂಜೆ ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದೆ. ಮೈಗೆ ಹನಿ ತಾಗಿದರೆ ಸುಮ್ನೆ ಕೊಡವುತ್ತದೆ. ತಲೆ ಮೇಲಿನ ತಗಡು ಚೆಂಡೆಯ ಹಾಗೆ ಬಡಿಯಲು ಶುರುವಾದ ಕೂಡಲೇ ಕಿವಿ ಹಿಂದಕ್ಕೆ, ಬಾಲ ಕಾಲಿನ ನಡುವೆ. ತಗಡಿನ ಮೇಲೆ ಎರಡು ಪದರ ಮಡಲು, ಅಂದರೆ ತೆಂಗಿನ ಗರಿ, ಹಾಸಿದೆ. ಸದ್ದು ಅಡಗಿತು, ಮರಿ ನಿಂತಿತು. ಈ ಮಡಲಿನ ವಿಷಯ ನನಗೆ ಯಾರೂ ಹೇಳಿಕೊಟ್ಟದ್ದಲ್ಲ.

ಉಳಿದದ್ದು ನಿಮಗೆ ಗೊತ್ತಿರುವುದೇ. ಎದ್ದ ಕೂಡಲೇ, ಉಂಡು ಹತ್ತು ಹದಿನೈದು ನಿಮಿಷಕ್ಕೆ, ಆಟ ಮುಗಿದ ಮೇಲೆ ಕರೆದುಕೊಂಡು ಹೋಗಬೇಕು. ನೆಲ ಮೂಸುತ್ತಾ ಸುತ್ತು ಹಾಕಿದರೆ ಕಾಯಬೇಡಿ, ಎತ್ತಿಕೊಳ್ಳಿ. ಮುಗಿಸಿದ ಕ್ಷಣ ಅಲ್ಲೇ ತಿಂಡಿ ಬಾಯಿಗೆ ಬೀಳಬೇಕು. ಒಳಗೆ ಬಂದ ಮೇಲೆ ಕೊಟ್ಟರೆ ಮರಿಗೆ ಲೆಕ್ಕ ತಪ್ಪುತ್ತದೆ. ಒಳಗೆ ಮಾಡಿದ ಜಾಗಕ್ಕೆ ಫಿನಾಯಿಲ್ ಸಾಲದು, ಮರಿ ಮತ್ತೆ ಅಲ್ಲಿಗೇ ಬರುತ್ತದೆ. ಅರ್ಧ ವಿನೆಗರ್, ಅರ್ಧ ನೀರು ಹಾಕಿ ಒರೆಸಿ.

ತಿಂಡಿಗೆ ಉಪ್ಪು ಹಾಕದೆ ಬೇಯಿಸಿ ಮುಳ್ಳು ತೆಗೆದ ಬೂತಾಯಿ ಮೀನಿನಷ್ಟು ಒಳ್ಳೆಯದು ಬೇರೆ ಇಲ್ಲ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟಿಗೆ ನಿಷೇಧ, ಆಗ ಮೀನಿನ ರೇಟು ಕೇಳುವುದೇ ಬೇಡ. ನಾನು ಕೋಳಿ ಲಿವರ್ ಬೇಯಿಸಿ ಉಗುರಿನಷ್ಟು ತುಂಡು ಮಾಡಿ ಇಟ್ಟೆ. ಅದಕ್ಕೆ ಏನು ಸೇರಿಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ರಾತ್ರಿ ಹನ್ನೊಂದರಿಂದ ಐದರವರೆಗೆ ತಡೆದುಕೊಳ್ಳುವ ಹಾಗೆ ಮಾಡಿದ್ದನ್ನೂ ಇನ್ನೊಂದು ಮರಿಯಲ್ಲಿ ನೋಡಿಯೇ ಹೇಳುತ್ತೇನೆ. ಮೂರು ನಾಲ್ಕು ವಾರದಲ್ಲಿ ಚುಕ್ಕಿ ತಾನಾಗಿ ಹಿಂದಿನ ಬಾಗಿಲು ಕೆರೆಯಲು ಶುರು ಮಾಡಿತು.

ಇಂಜೆಕ್ಷನ್ ಕೋರ್ಸ್ ಮುಗಿಯುವವರೆಗೆ ರಸ್ತೆಗೆ ಇಳಿಸಲಿಲ್ಲ. ಮರಿಗಳಿಗೆ ಜೋರು ವಾಂತಿಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ತೋಟದಲ್ಲಿ ನಿಂತ ನೀರಿನಿಂದ ಇಲಿಜ್ವರವೂ ಬರುತ್ತದೆ. ಇಲಿಜ್ವರದ್ದೂ ಸೇರಿರುವ ಲಸಿಕೆ ಕೇಳಿ ಹಾಕಿಸಿ, ಇಲ್ಲಿ ಉಳಿತಾಯ ಬೇಡವೇ ಬೇಡ.

ಹಲ್ಲು ಬರುವಾಗ ಕಚ್ಚಲು ಕೊತ್ತಳಿಗೆಯ (ತೆಂಗಿನ ಗರಿಯ ಬುಡದ) ತುಂಡು ಕೊಟ್ಟು ನೋಡಿದೆ. ನಾರು ನುಂಗಿ ಭೇದಿಯಾಯಿತು. ಹಳೇ ಬೈರಾಸು (ಟವೆಲು) ಒದ್ದೆ ಮಾಡಿ ಗಂಟು ಹಾಕಿ ಫ್ರೀಜರ್‌ನಲ್ಲಿಟ್ಟು ಕೊಟ್ಟೆ, ಚಪ್ಪಲಿಗಳು ಉಳಿದವು. ಇನ್ನೊಂದು ಪ್ರಯೋಗ ಈಗಲೂ ನಡೆಯುತ್ತಿದೆ. ಊಟದ ಹೊತ್ತಿಗೆ ಮೊಬೈಲಿನಲ್ಲಿ ಪಟಾಕಿ ಸದ್ದು ಸಣ್ಣಗೆ ಹಾಕಿ ವಾರವಾರ ಸ್ವಲ್ಪ ಏರಿಸುತ್ತಾ ಬಂದೆ. ದೀಪಾವಳಿಗೆ ಕಿವಿ ನಿಮಿರಿಸಿ ನೋಡಿತು, ಮಂಚದಡಿಗೆ ಓಡಲಿಲ್ಲ. ಜಾತ್ರೆಯಲ್ಲಿ ಸಿಡಿಸುವ ಗರ್ನಾಲಿನ ದೊಡ್ಡ ಸದ್ದಿಗೆ ಇನ್ನೂ ಒಗ್ಗಿಲ್ಲ. ಜಾತ್ರೆ ಶುರುವಾಗುವುದರೊಳಗೆ ಅದನ್ನೂ ಮಾಡಿ ತೋರಿಸುತ್ತೇನೆ.