ಹನಿ ಗಾಜಾಗಬೇಕು, ಹರಳಾದರೆ ಕೆಲಸ ಕೆಟ್ಟಂತೆ

ನಮ್ಮೂರು ಹಾಸನ ತಾಲ್ಲೂಕು, ದುದ್ದದ ಕಡೆ. ಚಿಕ್ಕಪ್ಪನದು ಹಸುಗಳಿಗೆ ಇಂಜೆಕ್ಷನ್ ಹಾಕುವ ಕೆಲಸ, ಅಂದರೆ ಕೃತಕ ಗರ್ಭಧಾರಣೆ. ಬೈಕಿನ ಹಿಂದೆ ಕಟ್ಟಿಕೊಂಡು ತಿರುಗುವ ಅವರ ಕ್ಯಾನಿನ ಮುಚ್ಚಳ ತೆಗೆದರೆ ಬಿಳಿ ಹೊಗೆ ಹೊರಳಿಕೊಂಡು ಬರುತ್ತಿತ್ತು. ಚಿಕ್ಕವನಿದ್ದಾಗ ಅದನ್ನು ನೋಡೋದಕ್ಕೇ ಅವರ ಹಿಂದೆ ಓಡುತ್ತಿದ್ದೆ. ಅದು ದ್ರವ ನೈಟ್ರೋಜನ್, ಮೈನಸ್ 196 ಡಿಗ್ರಿ ಅಂತ ಆಮೇಲೆ ಗೊತ್ತಾಯಿತು. ಮುಂದೆ ಅದೇ ಹೊಗೆ ನನ್ನ ಅನ್ನದ ದಾರಿಯಾಗುತ್ತೆ ಅಂತ ಯಾರಿಗೆ ಗೊತ್ತಿತ್ತು!

ಕೆಮಿಸ್ಟ್ರಿ ಓದಿ ಹೊರದೇಶದ ಒಂದು ಲ್ಯಾಬಿಗೆ ಹೋದೆ. ಅಲ್ಲಿ ನಾಲ್ಕು ವರ್ಷ ಎಂಆರ್‌ಐಗೆ ಹೈಪರ್‌ಪೋಲರೈಸ್ಡ್ ಪೈರುವೇಟ್ ತಯಾರಿಸುವುದೇ ಕೆಲಸ. ಪೈರುವೇಟ್ ಅಂದರೆ ಮೈ ಸಕ್ಕರೆಯನ್ನು ಒಡೆಯುವಾಗ ಹುಟ್ಟುವ ವಸ್ತು; ಹೈಪರ್‌ಪೋಲರೈಸ್ಡ್ ಅಂದರೆ ಅದರ ಸಿಗ್ನಲ್ ಸಾವಿರಾರು ಪಟ್ಟು ಹೆಚ್ಚಿಸಿದ್ದು. ಊರಿಗೆ ಬಂದಾಗಲೆಲ್ಲ ಇದೇನು ಅಂತ ಕೇಳುತ್ತಾರೆ. ಹಾಸನದಲ್ಲಿ ಸ್ಕ್ಯಾನ್ ಮಾಡಿಸಿಕೊಂಡವರು "ನನಗೂ ಕಾಂಟ್ರಾಸ್ಟ್ ಹಾಕಿದ್ರು, ಅದೇನಾ?" ಅನ್ನುತ್ತಾರೆ. ಅದಲ್ಲ. ಅದು ಗ್ಯಾಡೋಲಿನಿಯಂ, ತಾನಾಗಿ ಏನೂ ಹೇಳಲ್ಲ, ಪಕ್ಕದ ನೀರಿನ ಸಿಗ್ನಲ್ ಬದಲಾಯಿಸುತ್ತೆ ಅಷ್ಟೆ. ನಮ್ಮದರಲ್ಲಿ ಔಷಧವೇ ಸಿಗ್ನಲ್.

ನಮ್ಮ ಪೈರುವೇಟಿನಲ್ಲಿ ಸಿಗ್ನಲ್ ಕೊಡೋದು ಕಾರ್ಬನ್-13, ಅಂದರೆ ಸ್ವಲ್ಪ ಭಾರದ ಕಾರ್ಬನ್. ಅದರ ಪರಮಾಣುಗಳು ಸಣ್ಣ ಸಣ್ಣ ಅಯಸ್ಕಾಂತ ಇದ್ದ ಹಾಗೆ. 3 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಎಂಆರ್‌ಐ ಮೆಷಿನ್ನಿನೊಳಗೆ ಇಟ್ಟರೂ ಅರ್ಧ ಆ ಕಡೆ, ಅರ್ಧ ಈ ಕಡೆ ಮುಖ ಮಾಡುತ್ತವೆ. 10 ಲಕ್ಷದಲ್ಲಿ 2-3 ಮಾತ್ರ ಒಂದು ಕಡೆ ಜಾಸ್ತಿ. ಸಿಗ್ನಲ್ ಬರೋದು ಆ 2-3ರಿಂದಲೇ. ಎಲೆಕ್ಟ್ರಾನ್ ಹಾಗಲ್ಲ. 3.35 ಟೆಸ್ಲಾದಲ್ಲಿ 1.4 ಕೆಲ್ವಿನ್‌ಗೆ, ಅಂದರೆ ಸುಮಾರು ಮೈನಸ್ 272 ಡಿಗ್ರಿಗೆ, ತಂಪು ಮಾಡಿದರೆ ನೂರಕ್ಕೆ 90ಕ್ಕೂ ಹೆಚ್ಚು ಒಂದೇ ಕಡೆ ತಿರುಗಿ ನಿಲ್ಲುತ್ತವೆ. ಆಗ 94 ಗಿಗಾಹರ್ಟ್ಸ್ ಮೈಕ್ರೋವೇವ್ ಹಾಯಿಸಿ, ಎಲೆಕ್ಟ್ರಾನಿನ ಆ ಶಿಸ್ತನ್ನು ಕಾರ್ಬನ್‌ಗೆ ದಾಟಿಸಬೇಕು. ಆಮೇಲೆ ಬಿಸಿನೀರು ಹೊಡೆದು ಕರಗಿಸಿ, ಮೈಗೆ ಚುಚ್ಚಬಹುದಾದ ದ್ರವ ಮಾಡಬೇಕು. ಹೀಗೆ ಕರಗಿಸಿದ ಮೇಲೂ ಸಿಗ್ನಲ್ ಮಾಮೂಲಿಗಿಂತ 10,000 ಪಟ್ಟಿಗೂ ಹೆಚ್ಚು ಉಳಿಯುತ್ತೆ ಅಂತ ತೋರಿಸಿದ್ದು 2003ರಲ್ಲಿ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ನ 31 ರೋಗಿಗಳ ಮೇಲೆ ಮಾಡಿದ ಮೊದಲ ಅಧ್ಯಯನ ಹೊರಬಂತು. ನಾನು ಮಾಡಿದ್ದು ಇಲಿಗಳಿಗೆ.

ಕೆಲಸ ಶುರುವಾಗೋದು ಪೈರುವಿಕ್ ಆಮ್ಲದಿಂದ, ಕೊನೆಗೆ ಕ್ಷಾರ ಸೇರಿದಾಗ ಪೈರುವೇಟ್ ಆಗೋದು ಇದೇ. ವಿನೆಗರ್ ಥರ ಮೂಗಿಗೆ ಹೊಡೆಯುವ ದ್ರವ, ಮೊದಲನೇ ಕಾರ್ಬನ್ ಜಾಗದಲ್ಲಿ ಕಾರ್ಬನ್-13 ಇರೋದು, ಬೆಲೆ ವಿಪರೀತ. ಇದಕ್ಕೆ ನೀರು ಸೇರಿಸುವ ಹಾಗಿಲ್ಲ. ಟ್ರಿಟೈಲ್ ರಾಡಿಕಲ್ (ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಅಣು) ಪುಡಿಯನ್ನು ತೂಗಿ, ಲೀಟರಿಗೆ 15 ಮಿಲಿಮೋಲ್ ಲೆಕ್ಕದಲ್ಲಿ ಹಾಕಿ, ತಿರುಗಿಸಿ ತಿರುಗಿಸಿ ಕರಗಿಸಬೇಕು. ಬೇಕಾದ ಎಲೆಕ್ಟ್ರಾನ್ ಸಿಗೋದು ಅದರಿಂದಲೇ. ಬಣ್ಣ ಕಡು ಹಸಿರಾಗುತ್ತೆ. ಚೂರೇ ಚೂರು ಗ್ಯಾಡೋಲಿನಿಯಂ ಕೂಡ ಹಾಕುತ್ತೇವೆ, ಪೋಲರೈಸೇಶನ್, ಅಂದರೆ ಒಂದೇ ಕಡೆ ತಿರುಗಿದ ಕಾರ್ಬನ್‌ಗಳ ಪಾಲು, ಇನ್ನಷ್ಟು ಏರಲಿ ಅಂತ. ಒಂದು ಸಲಕ್ಕೆ ಬೇಕಾಗೋದು 20-25 ಮೈಕ್ರೋಲೀಟರ್, ಒಂದು ಹನಿಗಿಂತಲೂ ಕಡಿಮೆ. ಅದನ್ನು ಪಿಪೆಟ್‌ನಲ್ಲಿ ಎತ್ತಿ ಸಣ್ಣ ಪ್ಲಾಸ್ಟಿಕ್ ಕಪ್ಪಿಗೆ ಬಿಟ್ಟು ಉದ್ದನೆ ಕೋಲಿನ ತುದಿಗೆ ಸಿಕ್ಕಿಸಿ, ಆ 1.4 ಕೆಲ್ವಿನ್ ತಂಪು ಕೊಡುವ ದ್ರವ ಹೀಲಿಯಂ ಒಳಗೆ ಇಳಿಸಬೇಕು.

ಇಲ್ಲೇ ನಾನು ಎಡವಿದ್ದು. ಹೊಸಬ, ಎಲ್ಲಿ ಚೆಲ್ಲಿಬಿಡುತ್ತೀನೋ ಅಂತ ಭಯ. ಮಗು ಮಲಗಿಸೋ ಹಾಗೆ ನಿಧಾನಕ್ಕೆ, ನೈಟ್ರೋಜನ್ ಹೊಗೆಯಲ್ಲಿ ಸ್ವಲ್ಪ ಹೊತ್ತು ಹಿಡಿದು, ಆಮೇಲೆ ಇಳಿಸಿದೆ. ಮೈಕ್ರೋವೇವ್ ಹಾಕಿ ಕಾದೆ. ಗಂಟೆಯೊಳಗೆ ಪೋಲರೈಸೇಶನ್ ಗ್ರಾಫ್ ಸರಸರ ಏರಿ ಮೇಲೆ ಬಾಗಬೇಕು. ನನ್ನದು ಹಾಸಿದ ಚಾಪೆ ಥರ ಬಿದ್ದುಕೊಂಡಿತ್ತು. ಮೂರು ಗಂಟೆ ಕಾದೆ, ಮೈಕ್ರೋವೇವ್ ಕೆಟ್ಟಿದೆ ಅಂತ ಬೈದೆ, ಕೇಬಲ್ ಅಲ್ಲಾಡಿಸಿದೆ. ಏನೂ ಪ್ರಯೋಜನ ಇಲ್ಲ. ಸಂಜೆ ಸೀನಿಯರ್ ಒಬ್ಬರು ಬಂದು ಏನೂ ಮಾತಾಡದೆ ರಾಡಿಕಲ್ ಹಾಕದ ಆಮ್ಲದ ಒಂದು ಹನಿಯನ್ನು ನೈಟ್ರೋಜನ್‌ಗೆ ಸರಕ್ಕನೆ ಬಿಟ್ಟರು, ಇನ್ನೊಂದನ್ನು ನನ್ನ ಹಾಗೇ ಹೊಗೆಯಲ್ಲಿ ಹಿಡಿದು ಬಿಟ್ಟರು. ಮೊದಲನೆಯದು ಗಾಜಿನ ಮಣಿ, ಆ ಕಡೆಯ ಬೆಳಕು ಈ ಕಡೆ ಕಾಣುತ್ತೆ. ಎರಡನೆಯದು ಕಲ್ಲುಸಕ್ಕರೆ ಪುಡಿ ಥರ ಬೆಳ್ಳಗೆ.

ವಿಷಯ ಇಷ್ಟೇ. ಪೈರುವಿಕ್ ಆಮ್ಲ ಸುಮಾರು 12 ಡಿಗ್ರಿಗೇ ಗಟ್ಟಿಯಾಗುತ್ತೆ, ಟೈಮ್ ಕೊಟ್ಟರೆ ಹರಳು ಕಟ್ಟುತ್ತೆ. ಹರಳು ಕಟ್ಟುವಾಗ ರಾಡಿಕಲ್‌ನೆಲ್ಲ ಹೊರಗೆ ದಬ್ಬುತ್ತೆ, ಅವು ಮೂಲೆಯಲ್ಲಿ ಗುಂಪುಗೂಡುತ್ತವೆ, ಕಾರ್ಬನ್‌ಗೆ ಸಿಗೋದೇ ಇಲ್ಲ. ಟೈಮ್ ಕೊಡದೆ ತಟ್ಟನೆ ತಂಪು ಮಾಡಿದರೆ ಎಲ್ಲ ಎಲ್ಲಿದ್ದವೋ ಅಲ್ಲೇ ನಿಂತು ಗಾಜಾಗುತ್ತೆ. ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ! ರಾಡಿಕಲ್ ಹಾಕಿದ ಮೇಲೆ ಕಡು ಹಸಿರು ಅಲ್ವಾ, ಗಾಜೋ ಹರಳೋ ಕಣ್ಣಿಗೆ ಗೊತ್ತಾಗಲ್ಲ. ಅದಕ್ಕೇ ಅಂದಿನಿಂದ ಹೊಸ ಬಾಟಲಿ ತೆಗೆದಾಗಲೆಲ್ಲ ಮೊದಲು ರಾಡಿಕಲ್ ಹಾಕದ ಬರೀ ಆಮ್ಲದ ಒಂದು ಹನಿ ನೈಟ್ರೋಜನ್‌ಗೆ ಬಿಟ್ಟು ನೋಡುತ್ತೇನೆ. ದುಡ್ಡು ದಂಡ ಅಂತ ಗೊಣಗುವವರು ಗೊಣಗಲಿ.

ಇನ್ನು ಕರಗಿಸೋದು. ನಾಲ್ಕು ಎಂಎಲ್ ನೀರಿನಲ್ಲಿ ಕಾಸ್ಟಿಕ್ ಸೋಡಾ, ಟ್ರಿಸ್ ಬಫರ್, ಚಿಟಿಕೆ ಇಡಿಟಿಎ. ಕಬ್ಬಿಣದಂಥ ಲೋಹ ಒಂಚೂರು ಇದ್ದರೂ ಸಿಗ್ನಲ್ ತಿಂದುಹಾಕುತ್ತೆ, ಅದನ್ನು ಹಿಡಿದಿಡೋದು ಈ ಇಡಿಟಿಎ. ಈ ನೀರನ್ನು ಕುಕ್ಕರ್ ಥರ ಮುಚ್ಚಿ, ಒತ್ತಡ 10 ಬಾರ್ ಮುಟ್ಟುವವರೆಗೆ ಕಾಯಿಸಬೇಕು. ಕಪ್ಪನ್ನು ಹೀಲಿಯಂನಿಂದ ಸ್ವಲ್ಪ ಮೇಲೆತ್ತಿದ ಕೂಡಲೇ ಬುಸ್ ಅಂತ ಬಿಸಿನೀರು ನುಗ್ಗಿ, ಕರಗಿಸಿಕೊಂಡು ಆಚೆ ಬರುತ್ತೆ. ಆಮ್ಲ-ಕ್ಷಾರದ ಲೆಕ್ಕ ಸರಿ ಇದ್ದರೆ ಪಿಎಚ್ 7.5ರ ಆಸುಪಾಸು, ಬಿಸಿ ಮೈಬಿಸಿಯಷ್ಟು. ಒಂದು ಸಲ ಕೊಳವೆ ತೊಳೆದು ಸರಿಯಾಗಿ ಒಣಗಿಸಿರಲಿಲ್ಲ. ಒಳಗೆ ಒಂದು ಹನಿ ನೀರು ಉಳಿದು ಐಸಾಗಿ ಬಿರಡೆ ಥರ ಕೂತುಬಿಟ್ಟಿತ್ತು. ಅವತ್ತಿನ ಸ್ಯಾಂಪಲ್‌ಗೆ ಎಳ್ಳುನೀರು.

ಆಚೆ ಬಂದ ಕ್ಷಣದಿಂದ ಗಡಿಯಾರ ಓಡುತ್ತೆ. ಒಂದು ನಿಮಿಷದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಸಿಗ್ನಲ್ ಮಾಯ. ಮನುಷ್ಯರಿಗೆ ಕೊಡೋದಾದರೆ ಅಷ್ಟರಲ್ಲೇ ರಾಡಿಕಲ್ ಸೋಸಿ ಪಿಎಚ್, ಬಿಸಿ, ಉಳಿದ ರಾಡಿಕಲ್ ಎಲ್ಲ ಅಳೆದು ಮುಗಿಸಬೇಕು. ನಾವು ಸಿರಿಂಜ್ ಹಿಡಿದು ಓಡುತ್ತಿದ್ದೆವು. ದಾರಿಯಲ್ಲಿ ಕುರ್ಚಿ ಇಟ್ಟವನಿಗೆ ಅವತ್ತು ಮಂಗಳಾರತಿ.

ಇಷ್ಟೆಲ್ಲ ಯಾಕೆ ಅಂದರೆ, ಕ್ಯಾನ್ಸರ್ ಜೀವಕೋಶ ಪೈರುವೇಟನ್ನು ಜಾಸ್ತಿ ಜಾಸ್ತಿ ಲ್ಯಾಕ್ಟೇಟ್ ಮಾಡುತ್ತೆ, ಲ್ಯಾಕ್ಟೇಟ್‌ನ ಸಿಗ್ನಲ್ ಬೇರೆ ಫ್ರೀಕ್ವೆನ್ಸಿಯಲ್ಲಿ ಕಾಣುತ್ತೆ. ಗಡ್ಡೆ ಏನು ತಿಂದು ಏನು ಮಾಡುತ್ತಿದೆ ಅಂತ ಆ ಒಂದೆರಡು ನಿಮಿಷದಲ್ಲಿ ನೋಡಬಹುದು. ಚಿಕ್ಕಮ್ಮನಿಗೆ ಹೇಳಿದ್ದು ಹೀಗೆ: ಹಾಲಿಗೆ ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾ ಕೊನೆಗೆ ಮಾಡೋದೂ ಇದನ್ನೇ, ಪೈರುವೇಟಿನಿಂದ ಲ್ಯಾಕ್ಟೇಟ್. ಮೊಸರಿನ ಹುಳಿ ಅದೇ. "ಹಂಗಾದ್ರೆ ಗಡ್ಡೆ ಒಳಗೆ ಹೆಪ್ಪು ಹಾಕ್ತಾ ಇರುತ್ತೆ ಅನ್ನು" ಅಂದರು. ಸೆಮಿನಾರಿನಲ್ಲೂ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಹೋದ ಸಲ ರಜೆಗೆ ಬಂದಾಗ ಚಿಕ್ಕಪ್ಪನಿಗೂ ಹನಿ ತೋರಿಸಿದೆ. ಮೆಡಿಕಲ್ ಶಾಪಿನಿಂದ ಗ್ಲಿಸರಿನ್ ತಂದು, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಗ್ಲಿಸರಿನ್, ಉಳಿದದ್ದು ನೀರು, ಕಲಸಿದೆ. ಕ್ಯಾನಿನಿಂದ ಸ್ಟೀಲ್ ಲೋಟಕ್ಕೆ ನೈಟ್ರೋಜನ್ ಬಗ್ಗಿಸಿಕೊಂಡು, ಜಗಲಿ ಮೇಲೆ, ಗಾಳಿಯಾಡೋ ಕಡೆ, ಕನ್ನಡಕ ಹಾಕಿಕೊಂಡು. ಬರೀ ನೀರಿನ ಹನಿ ಸ್ವಲ್ಪ ಹೊತ್ತು ಮೇಲೆ ತೇಲಾಡಿ, ಬೆಳ್ಳಗಾಗಿ ಮುಳುಗಿತು. ಗ್ಲಿಸರಿನ್ ಹನಿಯೂ ತೇಲಿತು, ಮುಳುಗಿತು, ಆದರೆ ತಳದಲ್ಲಿ ಎಲ್ಲಿದೆ ಅಂತ ಹುಡುಕಬೇಕಾಯಿತು, ಅಷ್ಟು ತಿಳಿ. ಚಿಕ್ಕಪ್ಪ ಬಗ್ಗಿ ನೋಡಿ, "ನಮ್ ವೀರ್ಯದ ಸ್ಟ್ರಾ ಒಳಗೂ ಗ್ಲಿಸರಿನ್ ಹಾಕಿರ್ತಾರಪ್ಪ, ಐಸಿನ ಹರಳು ವೀರ್ಯ ಚುಚ್ಚಿ ಸಾಯಿಸಬಾರ್ದು ಅಂತ. ನಾವೂ 37 ಡಿಗ್ರಿ ನೀರಲ್ಲಿ ಅರ್ಧ ನಿಮಿಷ ಇಟ್ಟು, ಕರಗಿದ ತಕ್ಷಣ ಓಡ್ಬೇಕು" ಅಂದರು.

ಅಷ್ಟರಲ್ಲಿ ಹಸು ಬೆದೆಗೆ ಬಂದಿದೆ ಅಂತ ಪಕ್ಕದ ಊರಿಂದ ಫೋನ್ ಬಂತು. ಲೋಟದಲ್ಲಿ ಉಳಿದದ್ದು ನೋಡಿ, "ಸುಮ್ನೆ ವೇಸ್ಟ್ ಮಾಡಿದ್ಯಲ್ಲೋ, ಇದು ಬುಧವಾರದ ತನಕ ಬರ್ಬೇಕು" ಅಂತ ಬೈದುಕೊಂಡು ಬೈಕ್ ಹತ್ತಿದರು.