ಬಿಸಿ ಸೋಡಿಯಂನಲ್ಲಿ ಸ್ಟೀಲ್ ಎಷ್ಟು ಸವೆಯುತ್ತದೆ: ನಾನು ಅಳೆದ ಬಗೆ

ಸ್ಟೈನ್‌ಲೆಸ್ ಸ್ಟೀಲಿಗೆ ತುಕ್ಕೇ ಹಿಡಿಯುವುದಿಲ್ಲ ಅಂದರೆ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಯಾವ ವೆಲ್ಡರೂ ಒಪ್ಪುವುದಿಲ್ಲ. ಕಡಲ ಗಾಳಿಗೆ ನಿಲ್ಲಿಸಿದ ರೇಲಿಂಗಿನಲ್ಲಿ ಕಂದು ಚುಕ್ಕೆಗಳನ್ನು ಅವರು ದಿನಾ ನೋಡುತ್ತಾರೆ. ಸ್ಟೀಲಿನ ಮೈಮೇಲಿನ ತೆಳುವಾದ ಕ್ರೋಮಿಯಂ ಆಕ್ಸೈಡ್ ಪದರವನ್ನು ಉಪ್ಪಿನ ಕ್ಲೋರೈಡ್ ಅಲ್ಲಲ್ಲಿ ಒಡೆಯುತ್ತದೆ. ಕಲೆ ಶುರುವಾಗುವುದು ಅಲ್ಲಿಂದ.

ತಮಿಳುನಾಡಿನ ಅಣುಶಕ್ತಿ ಕೇಂದ್ರವಾದ ಕಲ್ಪಾಕ್ಕಂನಲ್ಲಿ ನಾನು ಮಾಡುತ್ತಿದ್ದ ಕೆಲಸದಲ್ಲಿ ನೀರೂ ಇಲ್ಲ, ಉಪ್ಪಿನ ಗಾಳಿಯೂ ಇಲ್ಲ. ಅಲ್ಲಿನ ಫಾಸ್ಟ್ ಬ್ರೀಡರ್ ರಿಯಾಕ್ಟರುಗಳಲ್ಲಿ, ಅಂದರೆ ಉರಿಸುತ್ತಲೇ ಹೊಸ ಇಂಧನವನ್ನೂ ಹುಟ್ಟಿಸುವ ಅಣು ರಿಯಾಕ್ಟರುಗಳಲ್ಲಿ, ಶಾಖ ಹೊರುವುದು ಕರಗಿದ ಸೋಡಿಯಂ. ಅದು 98 ಡಿಗ್ರಿಗೆ ಕರಗುತ್ತದೆ, 883 ಡಿಗ್ರಿಗೆ ಕುದಿಯುತ್ತದೆ. ಅಲ್ಲಿನ 500 ಮೆಗಾವ್ಯಾಟಿನ ರಿಯಾಕ್ಟರಿನಲ್ಲಿ ಸೋಡಿಯಂ ಸುಮಾರು 397 ಡಿಗ್ರಿಯಲ್ಲಿ ಇಂಧನದ ನಡುವೆ ಹೊಕ್ಕು, 547 ಡಿಗ್ರಿಯಲ್ಲಿ ಹೊರಬರುತ್ತದೆ. ಬಿಸಿ ಜಾಗದಲ್ಲಿ ಸ್ಟೀಲಿನ ನಿಕಲ್, ಕ್ರೋಮಿಯಂ, ಮ್ಯಾಂಗನೀಸ್ ನಿಧಾನವಾಗಿ ಸೋಡಿಯಂನಲ್ಲಿ ಕರಗುತ್ತವೆ, ತಣ್ಣನೆಯ ಜಾಗದಲ್ಲಿ ಮತ್ತೆ ಕೂರುತ್ತವೆ. ಬಿಸಿ ಪಾಕದಲ್ಲಿ ಕರಗಿದ ಸಕ್ಕರೆ ತಣಿದಾಗ ಪಾತ್ರೆಯ ಅಂಚಿಗೆ ಹರಳುಗಟ್ಟುವ ಹಾಗೆ.

ಇದನ್ನು ಅಳೆಯಲು ಲೂಪ್ ಬೇಕು. ಅಂದರೆ ಸೋಡಿಯಂ ಸುತ್ತುತ್ತಲೇ ಇರುವ ಪೈಪಿನ ಜಾಲ. ಒಂದು ಕಡೆ ಹೀಟರ್, ಇನ್ನೊಂದು ಕಡೆ ಕೂಲರ್, ಗಾಳಿ ತಗುಲದಂತೆ ಮೇಲೆ ಆರ್ಗಾನ್ ಅನಿಲ. 316ಎಲ್‌ಎನ್ ಅನ್ನುವ ಗ್ರೇಡಿನ ಸ್ಟೈನ್‌ಲೆಸ್ ಸ್ಟೀಲಿನ ಸಣ್ಣ ಪಟ್ಟಿಗಳನ್ನು ಪಾಲಿಶ್ ಮಾಡಿ, ಉದ್ದ ಅಗಲ ಅಳೆದು, ಮಿಲಿಗ್ರಾಂನ ಹತ್ತನೇ ಒಂದು ಭಾಗದವರೆಗೆ ತೂಕ ಬರೆದುಕೊಂಡು, ಬಿಸಿ ಭಾಗದಲ್ಲಿ ಸಿಕ್ಕಿಸುತ್ತಿದ್ದೆವು. ಆಮೇಲೆ ಸಾವಿರಾರು ಗಂಟೆ ಕಾಯಬೇಕು.

ಕಾಯುವುದು ಅಂದರೆ ಸುಮ್ನೆ ಕೂರುವುದಲ್ಲ. ಆ ಹೊತ್ತಿನಲ್ಲೆಲ್ಲ ನನ್ನ ಕಣ್ಣು ಇರುತ್ತಿದ್ದದ್ದು ಆಕ್ಸಿಜನ್ ಮೇಲೆ. ಸೋಡಿಯಂನಲ್ಲಿ ಆಕ್ಸಿಜನ್ ಜಾಸ್ತಿಯಾದರೆ ಅದು ಸ್ಟೀಲಿನ ಕ್ರೋಮಿಯಂ ಜೊತೆ ಸೇರಿ ಸೋಡಿಯಂ ಕ್ರೋಮೈಟ್ ಆಗುತ್ತದೆ, ಸವೆತ ಏರುತ್ತದೆ. ಒಂದು ದೊಡ್ಡ ಅನುಕೂಲವೂ ಇದೆ. ತಣಿದ ಸೋಡಿಯಂ ಆಕ್ಸೈಡನ್ನು ಹಿಡಿದಿಟ್ಟುಕೊಳ್ಳಲಾರದು. 250 ಡಿಗ್ರಿಯಲ್ಲಿ ಸುಮಾರು 38 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 38 ಭಾಗ) ಆಕ್ಸಿಜನ್ ಕರಗಿರಬಲ್ಲದು, 120 ಡಿಗ್ರಿಯಲ್ಲಿ ಹತ್ತಿರ ಹತ್ತಿರ 1 ಪಿಪಿಎಂ ಮಾತ್ರ. ಹಾಗಾಗಿ ಸ್ವಲ್ಪ ಸೋಡಿಯಂ ಅನ್ನು ಸ್ಟೀಲ್ ತಂತಿಯ ಬಲೆ ತುಂಬಿದ ತಣ್ಣನೆಯ ತೊಟ್ಟಿಯ ಮೂಲಕ ಹಾಯಿಸಿದರೆ ಆಕ್ಸೈಡ್ ಅಲ್ಲೇ ಉಳಿಯುತ್ತದೆ. ಇದೇ ಕೋಲ್ಡ್ ಟ್ರ್ಯಾಪ್. ಎಷ್ಟು ಶುದ್ಧವಾಯಿತು ಅಂತ ತಿಳಿಯಲು ಪ್ಲಗ್ಗಿಂಗ್ ಮೀಟರ್. ಸಣ್ಣ ರಂಧ್ರಗಳ ಮೂಲಕ ಸೋಡಿಯಂ ಹರಿಸುತ್ತಾ ನಿಧಾನವಾಗಿ ತಣಿಸುತ್ತೇವೆ. ರಂಧ್ರ ಕಟ್ಟಿ ಹರಿವು ಇಳಿಯಲು ಶುರುವಾದ ಉಷ್ಣತೆಯನ್ನು ಗುರುತಿಸುತ್ತೇವೆ. ಅದು ಕಡಿಮೆ ಇದ್ದಷ್ಟೂ ಸೋಡಿಯಂ ಶುದ್ಧ. ಯಾವ ಗ್ರೇಡ್ ಸ್ಟೀಲ್ ಒಳ್ಳೆಯದು ಅಂತ ಜನ ತುಂಬಾ ಚರ್ಚೆ ಮಾಡುತ್ತಾರೆ. ನಾನಂತೂ ಮೊದಲು ಈ ಉಷ್ಣತೆಯನ್ನೇ ಕೇಳುತ್ತೇನೆ.

ಪಟ್ಟಿಗಳನ್ನು ಹೊರತೆಗೆಯುವಾಗ ಇನ್ನೊಂದು ಭಯ. ಅಂಟಿಕೊಂಡ ಸೋಡಿಯಂಗೆ ತೇವ ತಗುಲಿದರೆ ಕಾಸ್ಟಿಕ್ ಸೋಡಾ ಆಗುತ್ತದೆ. ಎಳೆತ ಇರುವ ಬಿಸಿ ಸ್ಟೀಲಿನಲ್ಲಿ ಅದು ಬಿರುಕು ತರಬಲ್ಲದು. ಆದ್ದರಿಂದ ಆರ್ಗಾನ್ ಒಳಗೇ ತೆಗೆದು, ಮೊದಲು ಆಲ್ಕೋಹಾಲಿನಲ್ಲಿ ನಿಧಾನವಾಗಿ ತೊಳೆದು, ಹೈಡ್ರೋಜನ್ ಗುಳ್ಳೆ ನಿಂತ ಮೇಲೆಯೇ ಶುದ್ಧ ನೀರು ಹಾಕುತ್ತಿದ್ದೆವು. ಒಣಗಿಸಿ ಮತ್ತೆ ತೂಕ.

ಸೋಡಿಯಂ ಶುದ್ಧವಾಗಿದ್ದರೆ ಸವೆತ ವರ್ಷಕ್ಕೆ ಕೆಲವೇ ಮೈಕ್ರೋಮೀಟರ್. ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನಿಸಬಹುದು, ಅಲ್ವಾ? ಇಂಧನದ ಕೊಳವೆಯ ಗೋಡೆ ದಪ್ಪ ಬರೀ 0.45 ಮಿಲಿಮೀಟರ್. ಅದೂ ಅಲ್ಲದೆ ಅಲ್ಲಿಂದ ಕರಗಿ ಬರುವ ಮ್ಯಾಂಗನೀಸ್-54, ಕೋಬಾಲ್ಟ್-60 ವಿಕಿರಣ ಸೂಸುತ್ತವೆ. ಅವು ಪೈಪು, ಪಂಪುಗಳಲ್ಲಿ ಹೋಗಿ ಕೂರುತ್ತವೆ. ಮುಂದೆ ಅವನ್ನು ರಿಪೇರಿ ಮಾಡುವವನ ಮೈಗೆ ಆ ವಿಕಿರಣ ತಾಗುತ್ತದೆ. ನನಗೆ ಆ ಕೆಲವು ಮೈಕ್ರೋಮೀಟರ್ ದೊಡ್ಡದಾಗಿ ಕಂಡದ್ದು ಅದಕ್ಕೇ.

ಪಟ್ಟಿಯನ್ನು ಅಡ್ಡ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅಂಚಿನಲ್ಲಿ ನಿಕಲ್ ಕಳೆದುಕೊಂಡ ತೆಳು ಪದರ ಸಿಗುತ್ತದೆ. ಈ ಸ್ಟೀಲಿನ ಮೂಲ ಹರಳಿನ ರಚನೆಯಾದ ಆಸ್ಟೆನೈಟ್ ಅಲ್ಲಿ ಫೆರೈಟ್ ಅನ್ನುವ ಇನ್ನೊಂದು ರಚನೆ ಆಗಿರುತ್ತದೆ, ಅಯಸ್ಕಾಂತಕ್ಕೆ ಸ್ಪಂದಿಸುತ್ತದೆ. ಕಾರ್ಬನ್ ಕೂಡ ಒಂದು ಸ್ಟೀಲಿನಿಂದ ಇನ್ನೊಂದಕ್ಕೆ ಸೋಡಿಯಂ ಮೂಲಕ ಹೋಗುತ್ತದೆ. ಅದು ಬೇರೆಯೇ ಕತೆ.

ಸೋಡಿಯಂ ಬದಲು ಶಾಖ ಹೊರಬಲ್ಲ ಇನ್ನೊಂದು ಕರಗಿದ ಲೋಹ, ಸೀಸ-ಬಿಸ್ಮತ್ ಮಿಶ್ರಣದ ಬಗ್ಗೆಯೂ ಎಂಜಿನಿಯರಿಂಗ್ ಓದುವ ಮಕ್ಕಳು ಕೇಳುತ್ತಾರೆ. ಸೋವಿಯತ್ ಒಕ್ಕೂಟದ ಆಲ್ಫಾ ವರ್ಗದ ಜಲಾಂತರ್ಗಾಮಿಗಳ ರಿಯಾಕ್ಟರಿನಲ್ಲಿ ಇದ್ದದ್ದು ಅದೇ. ಅಲ್ಲಿ ಲೆಕ್ಕ ಪೂರ್ತಿ ತಿರುಗುಮುರುಗು. ನಿಕಲ್ ಅದರಲ್ಲಿ ಧಾರಾಳವಾಗಿ ಕರಗುತ್ತದೆ. ಅದನ್ನು ತಡೆಯಲು ಸ್ಟೀಲಿನ ಮೇಲೆ ಆಕ್ಸೈಡ್ ಪದರ ಇರಲೇಬೇಕು. ಹಾಗಾಗಿ ಸೋಡಿಯಂನಲ್ಲಿ ನಾವು ಹೊರಗೆ ಹಾಕುವ ಆಕ್ಸಿಜನ್ನನ್ನು ಅಲ್ಲಿ ಅತಿ ಸಣ್ಣ ಪ್ರಮಾಣದಲ್ಲಿ ಉಳಿಸಿಕೊಳ್ಳುತ್ತಾರೆ. ಅದು ಸಾಲದೆ ಹೋದರೆ, ನಿಕಲ್ ಬಿಟ್ಟುಹೋದ ಜಾಗದ ಒಳಗೆ ಸೀಸ-ಬಿಸ್ಮತ್ ನುಗ್ಗುತ್ತದೆ.